ಕ್ಲೀನರ್ ಸೀಟು ಖಾಲಿಯಾದ ಮೇಲೆ ಹೊಸ ಹುಡುಗರಿಗೆ ಲಾರಿ ಕೊಡೋರು ಯಾರು?

ಹಿರಿಯೂರು_ಬೈಪಾಸ್ | ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕನ ಮಗನ ವಿಷಯಕ್ಕೆ ಬರೀತಿದೀನಿ. ಸ್ವಲ್ಪ ಉದ್ದ ಆಗತ್ತೆ, ಬೇಜಾರು ಮಾಡ್ಕೋಬೇಡಿ.

ಹುಡುಗನಿಗೆ 23 ವರ್ಷ. ಕಾರಿನ ಲೈಸೆನ್ಸ್ ತಗೊಂಡು ಒಂದು ವರ್ಷ ಕಾದ. ಆಮೇಲೆ ಡ್ರೈವಿಂಗ್ ಸ್ಕೂಲಿಗೆ ದುಡ್ಡು ಕಟ್ಟಿ ಹೆವಿ ಲೈಸೆನ್ಸೂ ಮಾಡಿಸ್ಕೊಂಡ. ನಾಲ್ಕು ತಿಂಗಳಿಂದ ಮನೇಲಿದಾನೆ. ಅವನ ಫೋನ್ ತೆಗೆದು ನೋಡಿದೆ. ಏಳು ವಾಟ್ಸಾಪ್ ಗ್ರೂಪು, ಎರಡು ಜಾಬ್ ಆ್ಯಪು. ‘ಅರ್ಜೆಂಟ್, 14 ಚಕ್ರಕ್ಕೆ ಡ್ರೈವರ್ ಬೇಕು’, ‘ಬೆಂಗಳೂರು–ಪುಣೆ ಲೈನ್ ಕಂಟೈನರ್‌ಗೆ ಡ್ರೈವರ್ ಬೇಕು’ ಅಂತ ಬೆಳಿಗ್ಗೆಯಿಂದ ರಾತ್ರಿವರೆಗೆ ಬರ್ತಾನೇ ಇರ್ತವೆ. ಎಲ್ಲದರ ಕೆಳಗೂ ಅದೇ ಸಾಲು: ಐದು ವರ್ಷ ಅನುಭವ ಇರಬೇಕು. ಇವನು ಫೋನ್ ಮಾಡ್ತಾನೆ, ‘ಎಷ್ಟು ವರ್ಷ ಓಡಿಸಿದೀಯಪ್ಪ’ ಅಂತಾರೆ, ಇವನು ನಿಜ ಹೇಳ್ತಾನೆ, ಅವರು ಫೋನ್ ಇಡ್ತಾರೆ. ‘ಮಾವ, ಮೊದಲನೇ ವರ್ಷ ಯಾರ ಹತ್ರ ಓಡಿಸ್ಬೇಕು ಹೇಳು’ ಅಂತ ಮೊನ್ನೆ ನನ್ನನ್ನೇ ಕೇಳಿದ. ಉತ್ತರ ಹೊಳೀಲಿಲ್ಲ.

ನಾನು 1994ರಲ್ಲಿ ಎಸ್ಸೆಸ್ಸೆಲ್ಸಿ ಫೇಲಾಗಿ, ನಮ್ಮೂರವರೊಬ್ಬರು ಓಡಿಸ್ತಿದ್ದ ಲಾರಿಗೆ ಕ್ಲೀನರ್ ಆಗಿ ಹತ್ತಿದವನು. ತಾಡಪಾಲು ಹೊದಿಸೋದು, ಹಗ್ಗ ಬಿಗಿಯೋದು, ಗ್ಲಾಸ್ ಒರೆಸೋದು, ರಿವರ್ಸ್ ಬರುವಾಗ ಹಿಂದೆ ನಿಂತು ಕೂಗೋದು, ಹೀಗೇ ನಾಲ್ಕು ವರ್ಷ. ಗಾಡಿ ಎಲ್ಲೇ ನಿಲ್ಲಲಿ, ಇಳಿದ ತಕ್ಷಣ ಕಬ್ಬಿಣದ ಲಿವರ್ ತಗೊಂಡು ಟೈರ್ ಬಡೀಬೇಕಿತ್ತು. ಗಾಳಿ ಸರಿಯಿದ್ರೆ ಲಿವರ್ ಪುಟಿದು ವಾಪಸ್ ಬರತ್ತೆ, ಸದ್ದು ಗಟ್ಟಿ. ಗಾಳಿ ಇಳಿದಿದ್ರೆ ಧಪ್ ಅಂದು ಕೈ ಅಲ್ಲೇ ಕೂತ್ಕೊಳತ್ತೆ. ಜೋಡಿ ಟೈರಲ್ಲಿ ಒಳಗಿಂದು ಸತ್ತಿದ್ರೂ ಕಣ್ಣಿಗೆ ಕಾಣಲ್ಲ, ಹೊರಗಿಂದು ಭಾರ ಹೊತ್ಕೊಂಡು ನಿಂತಿರತ್ತೆ. ಹಂಗೇ ಮುಂದೆ ಹೋದ್ರೆ ಅರ್ಧ ದಾರೀಲಿ ಎರಡೂ ಹೋಗ್ತವೆ. ನಾನು ಬಡಿಯುವಾಗ ನಮ್ಮ ಡ್ರೈವರಣ್ಣ ಕ್ಯಾಬಿನ್ನಲ್ಲೇ ಕೂತು ಕೇಳಿಸ್ಕೊಳ್ಳೋರು. ‘ಎಡಗಡೆ ಒಳಗಿಂದು ಇನ್ನೊಂದ್ಸಲ ಬಡಿ’ ಅನ್ನೋರು. ಇಳಿದು ನೋಡ್ತಾನೇ ಇರಲಿಲ್ಲ.

1998ರಲ್ಲಿ ಕೆಲಸ ಕೇಳ್ಕೊಂಡು ಯಶವಂತಪುರದಲ್ಲಿ ಒಬ್ಬ ಓನರ್ ಹತ್ರ ಹೋದೆ. ಲೈಸೆನ್ಸ್ ತೋರಿಸೋಕೆ ಜೇಬಿಗೆ ಕೈ ಹಾಕಿದೆ. ಅವರು ‘ಅದಿರಲಿ, ಯಾರ ಕೈಕೆಳಗೆ ಕಲಿತೆ’ ಅಂದ್ರು. ಹೆಸರು ಹೇಳಿದೆ. ಪಕ್ಕದ ಲಾರಿ ಬುಕಿಂಗ್ ಆಫೀಸಿಗೆ ಒಂದು ಮಾತು ಕೇಳಿ ಕಳಿಸಿದ್ರು. ಟೀ ಮುಗಿಯೋ ಹೊತ್ತಿಗೆ ಕೀ ನನ್ನ ಕೈಗೆ ಬಂತು. ಅವತ್ತು ರಾತ್ರೀನೇ ಈರುಳ್ಳಿ ಲೋಡ್ ಹಾಕ್ಕೊಂಡು ಹೊರಟೆ.

ಈಗ ನನ್ನ ಗಾಡೀಲೂ ಕ್ಲೀನರ್ ಇಲ್ಲ. ಒಬ್ಬನೇ ಹೋಗಿ ಒಬ್ಬನೇ ಬರ್ತೀನಿ, ಎಂಟು ವರ್ಷ ಆಯ್ತು. ಕಲಿಯೋಕೆ ಇದ್ದ ಜಾಗ ಆ ಸೀಟು, ಕೆಲಸ ಸಿಗ್ತಿದ್ದ ದಾರೀನೂ ಅದೇ, ‘ಈ ಹುಡುಗ ಆಗಬಹುದು’ ಅಂತ ಹೇಳೋ ಸಾಕ್ಷೀನೂ ಅದೇ ಆಗಿತ್ತು. ಅದು ಖಾಲಿಯಾದ್ಮೇಲೆ ಹೊಸಬರನ್ನ ನೀವೆಲ್ಲ ಹೇಗೆ ತಗೊಳ್ತೀರಿ? ಓನರ್‌ಗಳೂ ಹೇಳಿ, ಈಚೆಗೆ ಕೆಲಸ ಸಿಕ್ಕ ಹುಡುಗರೂ ಹೇಳಿ.


ಗಬ್ಬೂರು_ಕ್ರಾಸ್ | ಭಾನುವಾರ ರಾತ್ರಿ 10:25

ಅಣ್ಣಾರ, ನಮಸ್ಕಾರ್ರೀ. ನಿಮ್ಮ ಹುಡುಗಗ ಮೊದಲ ಒಂದ ಮಾತ ಹೇಳ್ರಿ. ಯಾವ ಖರೇ ಓನರೂ ಕೆಲಸ ಕೊಡಾಕ ಡ್ರೈವರ್ ಕಡೆಯಿಂದ ರೊಕ್ಕ ಕೇಳಂಗಿಲ್ಲ. ನನ್ನ ತಮ್ಮಗ ಹಿಂಗ ಆತು. ‘ದೊಡ್ಡ ಕಂಪನಿ, ತಿಂಗಳಿಗೆ 35,000, ರೂಮ್ ಊಟ ಫ್ರೀ’ ಅಂತ ಮೆಸೇಜ್ ಬಂತು. ಫೋನ್ ಮಾಡಿದ್ರ ಚಲೋತ್ನಂಗ ಮಾತಾಡಿದ್ರು. ರಿಜಿಸ್ಟ್ರೇಷನ್ನಿಗೆ 1,500 ಹಾಕು ಅಂದ್ರು, ಹಾಕಿದ. ಆಮ್ಯಾಲೆ ಯೂನಿಫಾರ್ಮಿಗೆ 2,200 ಅಂದ್ರು, ಅದನ್ನೂ ಹಾಕಿದ. ಮೂರನೇ ದಿನ ನಂಬರ್ ಸ್ವಿಚ್ ಆಫ್. ಲೈಸೆನ್ಸು, ಆಧಾರ್ ಫೋಟೋನೂ ಅವರ ಕಡೆ ಹೋಗಿ ಬಿಟ್ಟಾವ, ಅದ ನಮಗ ದೊಡ್ಡ ಹೆದರಿಕಿ. ಹಂಗೇನರ ಆದ್ರ ತಡಾ ಮಾಡದ ಸೈಬರ್ ಕ್ರೈಮ್ ಸಹಾಯವಾಣಿ 1930ಕ್ಕ ಫೋನ್ ಹಚ್ಚಿ ಕಂಪ್ಲೇಂಟ್ ಕೊಡ್ರಿ. ಲಗೂನ ಹಚ್ಚಿದ್ರ ರೊಕ್ಕ ಬ್ಯಾಂಕಿನಾಗ ತಡಿಯೂ ಸಾಧ್ಯತಾ ಇರತೈತಿ.

ಇನ್ನೊಂದ. ಒರಿಜಿನಲ್ ಲೈಸೆನ್ಸ್ ಯಾರಿಗೂ ಇಟ್ಕೊಳ್ಳಾಕ ಕೊಡಬ್ಯಾಡ್ರಿ. ಹಿಂದಿನ ಕೆಲಸದಾಗ ನಂದು ಐದು ತಿಂಗಳು ಓನರ್ ಕಪಾಟಿನಾಗ ಇತ್ತು. ಬಿಡತೀನಿ ಅಂದಾಗ ‘ಮುಂಗಡ ತೀರಿಸಿ ಒಯ್ಯಿ’ ಅಂದ. ಮುಂಗಡ ತೀರಿತ್ತು, ಲೆಕ್ಕಾ ಅವನ ಬುಕ್ಕಿನಾಗ ಇತ್ತು, ನನ್ನ ಕಡೆ ಒಂದ ಚೀಟಿನೂ ಇರಲಿಲ್ಲ. ಈಗ ಪ್ರತಿ ಟ್ರಿಪ್ಪಿನ ಭತ್ತೆ, ಮುಂಗಡ, ಕಡಿತ ಎಲ್ಲಾ ಫೋನಿನಾಗ ಬರಕೊಂಡು ಅವತ್ತ ಓನರಿಗೆ ವಾಟ್ಸಾಪ್ ಮಾಡತೀನಿ. ಜಗಳ ಬಂದ್ರ ತೋರಸಾಕ ಆಕ್ಕೈತಿ.


ಹೊಸಕೋಟೆ_ಗೋಡೌನ್ | ಸೋಮವಾರ ಬೆಳಿಗ್ಗೆ 8:10

ನಾನು ಟ್ರಾನ್ಸ್‌ಪೋರ್ಟ್ ಕಂಪನಿಯೊಂದರಲ್ಲಿ ಫ್ಲೀಟ್ ಸೂಪರ್‌ವೈಸರ್. ಡ್ರೈವರ್‌ಗಳನ್ನ ತಗೊಳ್ಳೋದು ನನ್ನ ಟೇಬಲ್ ಮೇಲೇನೇ ಆಗತ್ತೆ. ಇಲ್ಲಿ ಹೇಗೆ ನಡೆಯತ್ತೆ ಅಂತ ಹೇಳ್ತೀನಿ.

ಹುಡುಗ ಬಂದ ತಕ್ಷಣ ಲೈಸೆನ್ಸ್ ನಂಬರನ್ನ ಸರ್ಕಾರದ ಪರಿವಾಹನ್ ವೆಬ್‌ಸೈಟಲ್ಲಿ ಹಾಕಿ ನೋಡ್ತೀವಿ. ಯಾವ ಕ್ಲಾಸು, ಯಾವಾಗಿಂದ, ಟ್ರಾನ್ಸ್‌ಪೋರ್ಟ್ ಅವಧಿ ಯಾವಾಗ ಮುಗಿಯತ್ತೆ ಅಂತ ಅಲ್ಲೇ ಬರತ್ತೆ. ಕಾರ್ಡು ನಕಲಿಯಾದ್ರೆ ಅಲ್ಲೇ ಸಿಕ್ಕಿಬೀಳತ್ತೆ. ಆಮೇಲೆ ಆಧಾರ್, ಬ್ಯಾಂಕ್ ಪಾಸ್‌ಬುಕ್, ಪೊಲೀಸ್ ವೆರಿಫಿಕೇಷನ್, ಕಣ್ಣಿನ ಪರೀಕ್ಷೆ. ಹಿಂದಿನ ಇಬ್ಬರು ಓನರ್‌ಗಳ ಫೋನ್ ನಂಬರ್. ಕೊನೆಗೆ ಯಾರ್ಡಿನಲ್ಲಿ ಟ್ರಯಲ್. ಮುಂದಕ್ಕೆ ಎಲ್ಲರೂ ಓಡಿಸ್ತಾರೆ, ನಾನು ನೋಡೋದು ಸರಕು ಇಳಿಸೋ ಡಾಕ್‌ಗೆ ರಿವರ್ಸ್ ಹಾಕೋದು.

ಹಳಬರು ಎಷ್ಟೋ ಜನ ಓಡಿಸೋದರಲ್ಲಿ ಅಲ್ಲ, ಫೋನಿನಲ್ಲಿ ಸೋಲ್ತಾರೆ. ಅದು ನನಗೆ ನಿಜವಾಗ್ಲೂ ನೋವು. 2018ರ ಏಪ್ರಿಲ್‌ನಲ್ಲಿ ಇ-ವೇ ಬಿಲ್ (ಸರಕು ಸಾಗಿಸೋಕೆ ಬೇಕಾದ ಜಿಎಸ್‌ಟಿ ಆನ್‌ಲೈನ್ ದಾಖಲೆ) ಬಂತಲ್ಲ, ಅದಕ್ಕೆ ಅವಧಿ ಇದೆ. ಮಾಮೂಲಿ ಸರಕಿಗೆ 200 ಕಿ.ಮೀ.ಗೆ ಒಂದು ದಿನದ ಲೆಕ್ಕ. ಗಾಡಿ ಕೆಟ್ಟು ನಿಂತ್ರೆ ಅವಧಿ ಮುಗಿಯೋ ಮುಂಚೆ ನಮಗೆ ತಿಳಿಸ್ಬೇಕು. ಬೇರೆ ಗಾಡಿಗೆ ಸರಕು ಬದಲಿಸಿದ್ರೆ ಆ ನಂಬರ್ ಅಪ್‌ಡೇಟ್ ಆಗಬೇಕು. ಇಳಿಸಿದ ಮೇಲೆ ಸೀಲ್ ಹಾಕಿದ ಎಲ್‌ಆರ್ (ಲಾರಿ ರಸೀದಿ) ಕಾಪಿ ಅಲ್ಲಿಂದಲೇ ಫೋಟೋ ತೆಗೆದು ಕಳಿಸಬೇಕು, ಇಲ್ಲಾಂದ್ರೆ ಬಾಡಿಗೆ ಬಿಲ್ ಆಗಲ್ಲ. ಫಾಸ್ಟ್ಯಾಗ್ ಬಂದಮೇಲೆ ದಾರಿ ಖರ್ಚಿನ ಕ್ಯಾಶೂ ಡ್ರೈವರ್ ಕೈಲಿ ಕಮ್ಮಿ. ಎಲ್ಲಿ ನಿಂತ, ಎಷ್ಟು ಹೊತ್ತು ನಿಂತ, ಎಷ್ಟು ಸಲ ಗಕ್ಕನೆ ಬ್ರೇಕ್ ಹಾಕಿದ ಅನ್ನೋದು ಜಿಪಿಎಸ್‌ನಲ್ಲಿ ಬರತ್ತೆ.

ಹೊಸಬರ ವಿಷಯಕ್ಕೆ ಬಂದ್ರೆ, ಎರಡು ವರ್ಷದ ಒಳಗಿನವರನ್ನ ನಾನು ತಗೊಳ್ಳೋ ಹಾಗಿಲ್ಲ. ಅದು ಮೇಲಿಂದ ಬಂದ ನಿಯಮ.


ಹಿರಿಯೂರು_ಬೈಪಾಸ್ | ಸೋಮವಾರ ಬೆಳಿಗ್ಗೆ 8:52

@ಹೊಸಕೋಟೆ_ಗೋಡೌನ್ ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ. ಒಂದು ಕೇಳ್ತೀನಿ. ರಿವರ್ಸ್ ಪರೀಕ್ಷೇಲಿ ನಮ್ಮ ಹುಡುಗ ಪಾಸಾದ ಅಂತಿಟ್ಕೊಳ್ಳಿ, ಆಗಲೂ ಆಗಲ್ವ?


ಹೊಸಕೋಟೆ_ಗೋಡೌನ್ | ಸೋಮವಾರ ಬೆಳಿಗ್ಗೆ 9:05

ಆಗಲ್ಲ ಸರ್. ನನ್ನ ಕೈಲಿಲ್ಲ.


ಸಂಡೂರು_ಧೂಳು | ಸೋಮವಾರ ಮಧ್ಯಾಹ್ನ 2:30

ನಮ್ಮ ಕಡೆ ಕೆಲಸ ಹುಡುಕೋ ಮಾತೇ ಇರಲಿಲ್ಲ ಒಂದು ಕಾಲಕ್ಕೆ. ಕೆಲಸವೇ ನಮ್ಮನ್ನ ಹುಡುಕ್ಕೊಂಡು ಬರ್ತಿತ್ತು. ಅದಿರು ಜೋರಾಗಿದ್ದಾಗ ಹೊಸಪೇಟೆ–ಸಂಡೂರು ರಸ್ತೇಲಿ ನಿಂತ್ರೆ ಸಾಕು, ಟಿಪ್ಪರ್ ನಿಲ್ಲಿಸಿ ‘ಬರ್ತೀಯೇನಪ್ಪ’ ಅನ್ನೋರು. ಅರಬೈಲು ಘಾಟಿ ಇಳಿದು ಬೇಲೆಕೇರಿ ಬಂದರಿಗೆ ಹೋಗೋ ಸಾಲಿನಲ್ಲಿ ನಾನೂ ಒಬ್ಬ. ಟ್ರಿಪ್ಪಿಗೆ ಇಷ್ಟು ಅಂತ ದುಡ್ಡು, ಎಷ್ಟು ಟ್ರಿಪ್ ಹೊಡೆದ್ರೆ ಅಷ್ಟು. ನಿದ್ದೆಗೆಟ್ಟು ಓಡಿಸಿದ್ವಿ. ಲೈಸೆನ್ಸ್ ಇಲ್ಲದ ಹುಡುಗರೂ ಓಡಿಸಿದ್ರು, ಸತ್ತೂ ಹೋದ್ರು. ಆ ಕಾಲ ಚೆನ್ನಾಗಿತ್ತು ಅಂತ ನಾನು ಹೇಳಲ್ಲ.

2011ರ ಜುಲೈ ಕೊನೆಗೆ ಸುಪ್ರೀಂ ಕೋರ್ಟು ಬಳ್ಳಾರಿ ಗಣಿಗಾರಿಕೆ ನಿಲ್ಲಿಸ್ತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರೂ ನಿಂತವು. ಗಾಡಿಗಳು ಮನೆ ಮುಂದೆ, ಹೊಲದ ಬದೂನಲ್ಲಿ ನಿಂತು ತುಕ್ಕು ಹಿಡಿದವು. ಫೈನಾನ್ಸ್‌ನವರು ಎಳ್ಕೊಂಡು ಹೋದರು. ನಮ್ಮ ಓಣೀಲಿ ಮನೆಗೊಬ್ಬ ಡ್ರೈವರ್ ಇದ್ದ, ವರ್ಷದೊಳಗೆ ಎಲ್ಲರೂ ಚದುರಿದ್ರು. ಟಿಪ್ಪರ್ ಬಿಟ್ಟು ಬೇರೆ ಗೊತ್ತಿಲ್ಲದವರಿಗೆ ಲೈನ್ ಗಾಡಿ ಓನರ್‌ಗಳು ‘ನೀನು ಗಣಿ ಡ್ರೈವರ್, ನಿನಗೆ ದೂರದ ದಾರಿ ಆಗಲ್ಲ’ ಅಂತ ವಾಪಸ್ ಕಳಿಸಿದ್ರು. ಹತ್ತು ವರ್ಷ ಓಡಿಸಿದ್ದು ಅನುಭವ ಅಂತ ಲೆಕ್ಕಕ್ಕೇ ಬರಲಿಲ್ಲ. ಅದಕ್ಕೇ ಹುಡುಗರಿಗೆ ಹೇಳೋದು, ಒಂದೇ ಥರದ ಗಾಡಿ ನಂಬ್ಕೋಬೇಡಿ.


ಓನರ್_ನಾಲ್ಕು_ಗಾಡಿ | ಸೋಮವಾರ ರಾತ್ರಿ 9:15

ದಾವಣಗೆರೆಯಿಂದ ಬರೀತಿದೀನಿ. ನಾಲ್ಕು ಲಾರಿ ಇದಾವೆ. ಎರಡು ಓಡ್ತವೆ, ಎರಡು ಡ್ರೈವರ್ ಇಲ್ಲದೆ ನಿಂತಿದಾವೆ. ನಿಂತ ಗಾಡಿಗೂ ತಿಂಗಳ ಕಂತು ಕಟ್ಟಬೇಕು. ಡ್ರೈವರ್ ಸಿಗಲ್ಲ ಅಂತ ನಾವು ಅಳ್ತೀವಿ, ಕೆಲಸ ಸಿಗಲ್ಲ ಅಂತ ನಿಮ್ಮ ಹುಡುಗ ಅಳ್ತಾನೆ. ಎರಡೂ ನಿಜ.

ಕ್ಲೀನರ್ ಯಾಕೆ ತೆಗೆದ್ವಿ ಅಂದ್ರೆ, ಡೀಸೆಲ್ಲಿಗೆ, ಟೋಲಿಗೆ, ಟೈರಿಗೆ, ಇನ್ಶೂರೆನ್ಸಿಗೆ ಕೊಟ್ಟು ಉಳಿಯೋದರಲ್ಲಿ ಇಬ್ಬರ ಭತ್ತೆ ಹೊರೋ ಶಕ್ತಿ ಇಲ್ಲ. ಇನ್ನೊಂದು, ಹುಡುಗರೇ ಬರ್ತಾ ಇಲ್ಲ. ಬೈಕ್ ಇದ್ದವನು ಬೆಂಗಳೂರಲ್ಲಿ ಡೆಲಿವರಿ ಮಾಡಿ ರಾತ್ರಿ ರೂಮಿಗೆ ಹೋಗಿ ಮಲಗ್ತಾನೆ. ನಮ್ಮಲ್ಲಿ ಹದಿನೈದು ದಿನ ಗಾಡೀಲೇ ಮಲಗಬೇಕು, ಬೈಸ್ಕೋಬೇಕು, ಕಲಿಯೋಕೆ ನಾಲ್ಕು ವರ್ಷ. ಯಾವ ತಾಯಿ ಕಳಿಸ್ತಾಳೆ?

ಹೊಸಬರಿಗೆ ಕೊಡೋಕೆ ಭಯ ಆಗೋದು ನಿಜ. ಮೂರು ವರ್ಷದ ಹಿಂದೆ ಲೈಸೆನ್ಸ್ ನೋಡಿ ಒಬ್ಬನಿಗೆ ಕೊಟ್ಟೆ. ಕೊಲ್ಹಾಪುರದ ಹತ್ರ ಹೋಟೆಲ್ ಮುಂದೆ ಗಾಡಿ ನಿಲ್ಲಿಸಿ, ಕೀ ಅಲ್ಲೇ ಇಟ್ಟು, ಮುಂಗಡ ತಗೊಂಡು ಹೋಗೇಬಿಟ್ಟ. ಲೋಡು ಗಾಡೀಲೇ ಇತ್ತು. ನಾನು ಬಸ್ಸಲ್ಲಿ ಹೋಗಿ ನಾನೇ ಓಡಿಸ್ಕೊಂಡು ಬಂದೆ. ಆವತ್ತಿಂದ ಡ್ರೈವರ್ ಸೇರಿಸೋ ಮುಂಚೆ ನಮ್ಮ ಓನರ್‌ಗಳ ಗ್ರೂಪಲ್ಲಿ ಲೈಸೆನ್ಸ್ ಫೋಟೋ ಹಾಕಿ ಕೇಳ್ತೀನಿ. ಯಾರಾದ್ರೂ ‘ಬೇಡ’ ಅಂದ್ರೆ ಮುಗೀತು.


ಹಿರಿಯೂರು_ಬೈಪಾಸ್ | ಸೋಮವಾರ ರಾತ್ರಿ 10:02

ಅಣ್ಣ, ನಿಮಗಾದ ನಷ್ಟ ಅರ್ಥ ಆಗತ್ತೆ. ಗಾಡಿ ಬಿಟ್ಟು ಓಡಿಹೋಗೋದು ಡ್ರೈವರ್ ಜಾತಿಗೇ ಅವಮಾನ. ಆದರೆ ಆ ಗ್ರೂಪಿನ ವಿಷಯ ನನ್ನ ಹೊಟ್ಟೆ ಉರಿಸತ್ತೆ. ಹೇಳಲೇಬೇಕು.

ನನ್ನ ಜೊತೆ ಕ್ಲೀನರ್ ಆಗಿದ್ದವನು ಒಬ್ಬ. ಇಪ್ಪತ್ತೈದು ವರ್ಷ ಲಾರಿ ಓಡಿಸಿದವನು. ಎರಡು ವರ್ಷದ ಹಿಂದೆ ಅನ್‌ಲೋಡ್ ಆಗದೆ ಪಾರ್ಟಿ ಗೋಡೌನ್ ಮುಂದೆ ನಾಲ್ಕು ದಿನ ನಿಂತಿದ್ದ. ಹಾಲ್ಟಿಂಗ್ ಭತ್ತೆ ಕೇಳಿದ. ಓನರ್ ಕೊಡಲ್ಲ ಅಂದ. ಮಾತಿಗೆ ಮಾತು ಬೆಳೀತು, ಕೆಲಸ ಬಿಟ್ಟ. ಮಾರನೇ ದಿನ ಇವನ ಲೈಸೆನ್ಸ್ ಫೋಟೋ ಗ್ರೂಪುಗಳಲ್ಲಿ ಓಡಾಡ್ತು, ಕೆಳಗೆ ‘ಡೀಸೆಲ್ ಕಳ್ಳ, ಯಾರೂ ಸೇರಿಸ್ಬೇಡಿ’. ಆ ಟ್ರಿಪ್ಪಿನ ಮೈಲೇಜ್ ಕಮ್ಮಿ ಬಂದಿದ್ದು ನಿಜ. ತುಂಬಿದ ಗಾಡಿ ಘಾಟಿ ಹತ್ತಿದ್ರೆ ಬಯಲಿನ ಮೈಲೇಜ್ ಎಲ್ಲಿಂದ ಬರತ್ತೆ? ಆ ಲೆಕ್ಕ ಯಾರೂ ಕೇಳಲಿಲ್ಲ. ಅವನನ್ನೂ ಕೇಳಲಿಲ್ಲ. ಎಂಟು ತಿಂಗಳು ಯಾವ ಗಾಡಿಯೂ ಸಿಗಲಿಲ್ಲ. ಹೋದಲ್ಲೆಲ್ಲ ಮೊದಲು ಸರಿ ಅಂತಾರೆ, ಸಂಜೆ ಬೇಡ ಅಂತಾರೆ. ಯಾಕೆ ಅಂತ ಅವನಿಗೆ ಗೊತ್ತಾಗಿದ್ದೇ ಆರನೇ ತಿಂಗಳಲ್ಲಿ.

ಯಶವಂತಪುರದಲ್ಲೂ ಬಾಯಿಮಾತಲ್ಲಿ ಕೆಟ್ಟ ಹೆಸರು ಬರ್ತಿತ್ತು. ಆದ್ರೆ ಅಲ್ಲಿ ಹೇಳಿದವನು ಯಾರು ಅಂತ ಗೊತ್ತಿರ್ತಿತ್ತು. ಬುಕಿಂಗ್ ಆಫೀಸಿನ ಹಿರಿಯರು ಇಬ್ಬರನ್ನೂ ಕೂರಿಸಿ ಲೆಕ್ಕದ ಚೀಟಿ ತೆಗೆಸಿ ನೋಡೋರು. ತಪ್ಪು ಓನರ್‌ದಾದ್ರೆ ಓನರ್‌ಗೂ ಹೇಳೋರು. ಈ ಫೋಟೋಗೆ ಉತ್ತರ ಕೊಡೋಕೆ ಡ್ರೈವರ್‌ಗೆ ಜಾಗ ಎಲ್ಲಿದೆ? ಅವನು ಆ ಗ್ರೂಪಲ್ಲೇ ಇಲ್ಲ.


ಓನರ್_ನಾಲ್ಕು_ಗಾಡಿ | ಸೋಮವಾರ ರಾತ್ರಿ 11:20

ನೀವು ಹೇಳಿದ್ದು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಅಂಥ ಫೋಟೋಗಳನ್ನ ನಾನೂ ಫಾರ್ವರ್ಡ್ ಮಾಡಿದೀನಿ. ಯಾರು ಮೊದಲು ಹಾಕಿದ್ದು ಅಂತ ಗೊತ್ತಿರಲ್ಲ, ಸುಮ್ನೆ ಮುಂದೆ ಕಳಿಸ್ತೀವಿ. ತಪ್ಪು. ನಾಳೆ ನಮ್ಮ ಗ್ರೂಪಲ್ಲಿ ಈ ಮಾತು ಎತ್ತುತೀನಿ. ದೂರು ಹಾಕೋನು ತನ್ನ ಹೆಸರು, ಗಾಡಿ ನಂಬರ್ ಹಾಕಿ, ಡ್ರೈವರ್ ನಂಬರನ್ನೂ ಹಾಕಲಿ, ಕೇಳಬೇಕಾದವರು ಎರಡೂ ಕಡೆ ಕೇಳಲಿ. ಎಲ್ಲರೂ ಒಪ್ತಾರೆ ಅಂತ ಮಾತು ಕೊಡಕ್ಕಾಗಲ್ಲ.


ಪಣಂಬೂರು_ಗೇಟ್ | ಮಂಗಳವಾರ ಬೆಳಿಗ್ಗೆ 7:45

ನಮ್ಮಲ್ಲಿ ಸ್ವಲ್ಪ ಬೇರೆ ಉಂಟು. ನಾನು ಗ್ಯಾಸ್ ಟ್ಯಾಂಕರ್‌ನವ. ಮಂಗಳೂರಿಂದ ಶಿರಾಡಿ ಹತ್ತಿ ಘಟ್ಟದ ಮೇಲೆ. ಟ್ಯಾಂಕರ್‌ಗೆ ಹೆವಿ ಲೈಸೆನ್ಸ್ ಒಂದೇ ಸಾಕಾಗುವುದಿಲ್ಲ. ಅಪಾಯಕಾರಿ ಸರಕಿನ ಮೂರು ದಿನದ ಟ್ರೈನಿಂಗ್ ಮಾಡಿ ಲೈಸೆನ್ಸ್‌ನಲ್ಲಿ ಹಾಕಿಸಬೇಕು. ಬೇರೆ ಲಾರಿಗಳ ಲೈಸೆನ್ಸ್ ಈಗ ಐದು ವರ್ಷಕ್ಕೊಮ್ಮೆ ರಿನ್ಯೂ, ನಮ್ಮದು ಮೂರಕ್ಕೆ. 2019ರಲ್ಲಿ ಲೈಸೆನ್ಸ್‌ಗೆ ಎಂಟನೇ ಕ್ಲಾಸ್ ಬೇಕು ಅನ್ನುವುದನ್ನು ತೆಗೆದರಲ್ವಾ, ಆದರೆ ಟ್ಯಾಂಕರ್‌ಗೆ ಒಂದು ಭಾರತೀಯ ಭಾಷೆ ಮತ್ತು ಇಂಗ್ಲಿಷ್ ಓದಿ ಬರೆಯಲಿಕ್ಕೆ ಬರಲೇಬೇಕು.

2013ರಲ್ಲಿ ಉಪ್ಪಿನಂಗಡಿ ಹತ್ತಿರ ಪೆರ್ನೆಯಲ್ಲಿ ಟ್ಯಾಂಕರ್ ಮಗುಚಿ ಬೆಂಕಿ ಹಿಡಿದದ್ದು ನಮ್ಮ ಕಡೆಯವರು ಯಾರೂ ಮರೆತಿಲ್ಲ. ರಸ್ತೆ ಬದಿಯ ಮನೆಯವರು ಸತ್ತರು. ಆ ತಿರುವಿನಲ್ಲಿ ಇವತ್ತಿಗೂ ನನ್ನ ಕಾಲು ತನ್ನಷ್ಟಕ್ಕೆ ಬ್ರೇಕಿಗೆ ಹೋಗ್ತದೆ. ಹಾಗಾಗಿ ಅನುಭವ ಕೇಳುವುದು ತಪ್ಪು ಅಂತ ನಾನು ಹೇಳುವುದಿಲ್ಲ ಮಾರಾಯ್ರೆ. ಟ್ಯಾಂಕರ್‌ನಲ್ಲಿ ದ್ರವ ಅಲುಗಾಡ್ತದೆ, ತಿರುವಿನಲ್ಲಿ ಗಾಡಿ ತಿರುಗಿದ ಮೇಲೆ ಲೋಡ್ ತಿರುಗ್ತದೆ. ಅದು ಪುಸ್ತಕದಲ್ಲಿ ಓದಿದರೆ ಬರುವುದಿಲ್ಲ, ಪಕ್ಕದಲ್ಲಿ ಕೂತು ಹತ್ತು ಸಲ ಘಾಟಿ ನೋಡಬೇಕು. ಆದರೆ ಕೂರಿಸಿಕೊಳ್ಳಲಿಕ್ಕೆ ಯಾರೂ ತಯಾರಿಲ್ಲ ಅಂದರೆ ಮುಂದಿನ ಹತ್ತು ವರ್ಷಕ್ಕೆ ಡ್ರೈವರ್ ಎಲ್ಲಿಂದ ಬರ್ತಾರೆ?


ಹೊಸ_ಲೈಸೆನ್ಸ್ | ಮಂಗಳವಾರ ಮಧ್ಯಾಹ್ನ 1:10

ನನ್ನದೂ ಇದೇ ಕತೆ. ತರಬೇತಿ ಕೇಂದ್ರದಲ್ಲಿ ಹೆವಿ ಕೋರ್ಸ್ ಮಾಡಿದೆ. ಆರು ವಾರ, ಒಟ್ಟು 38 ಗಂಟೆ, ಅದರಲ್ಲಿ ಕ್ಲಾಸ್ ರೂಮಿನ ಪಾಠವೂ ಸೇರಿ. ಸಿಗ್ನಲ್, ನಿಯಮ, ಪ್ರಥಮ ಚಿಕಿತ್ಸೆ ಚೆನ್ನಾಗಿ ಹೇಳಿಕೊಟ್ಟರು. ಆದರೆ ಲೋಡ್ ಇದ್ದ ಗಾಡಿ ನಾನು ಒಂದು ದಿನವೂ ಮುಟ್ಟಿಲ್ಲ. ಹಿರಿಯೂರು ಅಣ್ಣ ಬರೆದ ಟೈರ್ ಬಡಿಯುವ ವಿಷಯ ಮೊದಲ ಸಲ ಕೇಳಿದ್ದು.

ನಮ್ಮಮ್ಮ ಬೇರೆ ಬೇಡ ಅಂತಾರೆ. 2024ರ ಜನವರಿಯಲ್ಲಿ ಹೊಸ ಅಪರಾಧ ಕಾನೂನಿನ ವಿರುದ್ಧ ಲಾರಿ ಮುಷ್ಕರ ಆಯ್ತಲ್ಲ, ಟಿವಿಯಲ್ಲಿ ‘ಅಪಘಾತ ಮಾಡಿ ಓಡಿದರೆ ಹತ್ತು ವರ್ಷ ಜೈಲು’ ಅಂತ ನೋಡಿದ್ದು ಅವರ ತಲೆಯಲ್ಲಿ ಕೂತುಬಿಟ್ಟಿದೆ. ಆ ಒಂದು ಉಪಕಲಂ ಮಾತ್ರ ತಡೆಹಿಡಿದು ಉಳಿದ ಕಾನೂನನ್ನ ಜುಲೈನಲ್ಲಿ ಜಾರಿ ಮಾಡಿದರು ಅಂತ ಎಷ್ಟು ಹೇಳಿದರೂ ಕೇಳಲ್ಲ. ‘ಜನ ಹೊಡೆಯೋಕೆ ಬಂದರೆ ನೀನು ನಿಲ್ತೀಯಾ’ ಅಂತ ಕೇಳ್ತಾರೆ. ಏನು ಹೇಳಲಿ?


ಗಬ್ಬೂರು_ಕ್ರಾಸ್ | ಮಂಗಳವಾರ ಮಧ್ಯಾಹ್ನ 1:55

ತಮ್ಮಾ, ತಾಯಿಗೆ ಹಿಂಗ ಹೇಳು. ಜನ ಹೊಡಿಯಾಕ ಬಂದ್ರ ಸೀದಾ ಹತ್ತರದ ಪೊಲೀಸ್ ಸ್ಟೇಷನ್ನಿಗೆ ಹೋಗಿ ನಿಲ್ಲೂದು, ದಾರಿಯಾಗ 112ಕ್ಕ ಫೋನ್ ಹಚ್ಚೂದು. ಫೋನ್ ಹಚ್ಚಿದ ಹೊತ್ತು ದಾಖಲಾಗಿರತೈತಿ. ನಾ 19 ವರ್ಷದಾಗ ಒಮ್ಮೆ ಹಂಗ ಮಾಡೀನಿ. ಅಂಬ್ಯುಲೆನ್ಸಿಗೂ ನಾನ ಹೇಳಿದ್ದೆ. ಆ ಮನುಷ್ಯಾ ಉಳಕೊಂಡ.


ದಮ್ಮಾಮ್_ರಸ್ತೆ | ಮಂಗಳವಾರ ರಾತ್ರಿ 11:30

ಸೌದಿಯಿಂದ ಬರೀತಿದೀನಿ, ಊರು ಕುಂದಾಪುರ ಕಡೆ. ಊರಲ್ಲಿ ಕೆಲಸ ಸಿಗದ ಹುಡುಗರು ಈಗ ನೇರವಾಗಿ ಗಲ್ಫ್ ಜಾಹೀರಾತು ನೋಡ್ತಾರೆ, ಅದಕ್ಕೆ ಎರಡು ಮಾತು. ಏಜೆಂಟ್ ಸರ್ಕಾರದಲ್ಲಿ ನೋಂದಾಯಿಸಿದವನೋ ಅಂತ ಇ-ಮೈಗ್ರೇಟ್ ವೆಬ್‌ಸೈಟಲ್ಲಿ ನೋಡಿ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ಮತ್ತು ಜಿಎಸ್‌ಟಿ. ಒಂದೂವರೆ ಲಕ್ಷ ಕೊಟ್ಟು ಬಂದವರನ್ನ ನಾನು ಇಲ್ಲಿ ನೋಡಿದೀನಿ. ವಿಸಿಟ್ ವೀಸಾದಲ್ಲಿ ಕಳಿಸಿ ‘ಅಲ್ಲಿ ಹೋಗಿ ಬದಲಿಸ್ಕೋ’ ಅಂದರೆ ಬರಲೇಬೇಡಿ. ವೀಸಾದಲ್ಲಿ ಯಾವ ಕೆಲಸ ಬರೆದಿದೆ ನೋಡಿ. ‘ಲೇಬರ್’ ಅಂತ ಇದ್ದರೆ ಇಲ್ಲಿ ಲೈಸೆನ್ಸ್ ಮಾಡಿಸೋದಕ್ಕೇ ಕಷ್ಟ. ಇಲ್ಲಿ ರಸ್ತೆಯ ಬಲಗಡೆ ಓಡಿಸಬೇಕು, ಮೊದಲ ತಿಂಗಳು ಸರ್ಕಲ್‌ನಲ್ಲಿ ನನಗೆ ಬೆವರು ಇಳೀತಿತ್ತು.

ಅನುಭವ ಇಲ್ಲಿಯೂ ಕೇಳ್ತಾರೆ. ನನ್ನನ್ನ ತಗೊಂಡಿದ್ದು ಮಂಗಳೂರಿನ ಬೈಕಂಪಾಡಿ ಯಾರ್ಡಿನಲ್ಲಿ ಟ್ರೇಲರ್ ಓಡಿಸಿದ ಆರು ವರ್ಷಕ್ಕೆ.


ಡ್ರೈವರ್_ಮಗಳು | ಬುಧವಾರ ಬೆಳಿಗ್ಗೆ 10:20

ನಾನು ಡ್ರೈವರ್ ಅಲ್ಲ, ನಮ್ಮಪ್ಪ ಡ್ರೈವರ್. 57 ವರ್ಷ. ಮೂವತ್ನಾಲ್ಕು ವರ್ಷ ಲಾರಿ ಓಡಿಸಿದಾರೆ, ಒಂದು ದೊಡ್ಡ ಅಪಘಾತ ಇಲ್ಲ. ಹಳೇ ಓನರ್ ತೀರಿಕೊಂಡ ಮೇಲೆ ಮಕ್ಕಳು ಗಾಡಿ ಮಾರಿದ್ರು. ಅಪ್ಪನಿಗೆ ಆ್ಯಪ್ ಬರಲ್ಲ, ಅರ್ಜಿ ಎಲ್ಲ ನಾನೇ ಹಾಕಿದೆ. ವಯಸ್ಸು ಅನ್ನೋ ಜಾಗದಲ್ಲಿ 57 ಒತ್ತಿದ ಮೇಲೆ ಒಂದು ಕಡೆಯಿಂದಲೂ ಫೋನ್ ಬರಲಿಲ್ಲ. ‘45ರ ಒಳಗೆ’ ಅಂತ ಎಷ್ಟೋ ಕಡೆ ಬರೆದೇ ಇರತ್ತೆ. ‘ನನ್ನ ಗಾಡಿ ಯಾರೂ ನೋಡಲಿಲ್ಲ, ನನ್ನ ವಯಸ್ಸು ನೋಡಿದ್ರು’ ಅಂದ್ರು ಅಪ್ಪ. ಈಗ ಶಾಲಾ ವ್ಯಾನ್ ಓಡಿಸ್ತಾರೆ, ಅರ್ಧ ಸಂಬಳ.

ಮೂವತ್ನಾಲ್ಕು ವರ್ಷದಲ್ಲಿ ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ಇಂಥವರ ಹತ್ರ ಕೆಲಸ ಮಾಡಿದೆ ಅನ್ನೋಕೆ ಒಂದು ಕಾಗದ ಇಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಅಂತ ಇತ್ತಂತೆ, ಐದು ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರು ಇರೋ ಕಡೆ ಅನ್ವಯ ಆಗ್ತಿತ್ತಂತೆ; 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆ ಬರೋವರೆಗೆ ಅದು ಜಾರಿಯಲ್ಲಿತ್ತು. ನಾನು ಓದಿ ಹೇಳಿದಾಗ ಅಪ್ಪ ಇನ್ನೊಂದು ಸಲ ಓದು ಅಂದ್ರು. ಇಲ್ಲಿ ಓದ್ತಿರೋ ಡ್ರೈವರಣ್ಣಂದಿರು ದಯವಿಟ್ಟು ಸಂಬಳ ಬ್ಯಾಂಕಿಗೇ ಹಾಕಿಸ್ಕೊಳ್ಳಿ. ಕೈಗೆ ಬಂದ ದುಡ್ಡಿಗೆ ಸಾಕ್ಷಿ ಇರಲ್ಲ. ಸಾರಿಗೆ ಕಾರ್ಮಿಕರಿಗಾಗಿ 2024ರಲ್ಲಿ ನಮ್ಮ ರಾಜ್ಯ ಒಂದು ಕಲ್ಯಾಣ ಕಾಯ್ದೆ ಮಾಡಿದೆ, ಕಾರ್ಮಿಕ ಇಲಾಖೇಲಿ ಕೇಳಿ ಹೆಸರು ನೋಂದಾಯಿಸಿ. ನಾನು ಅಪ್ಪಂದು ಮಾಡಿಸಿದೆ.

ಹಿರಿಯೂರು ಅಂಕಲ್, ನಿಮ್ಮ ಹುಡುಗನ ಪಕ್ಕ ಕೂತು ಕಲಿಸೋಕೆ ನಮ್ಮಪ್ಪನಂಥವರು ಎಷ್ಟು ಜನ ಮನೇಲಿ ಕೂತಿದಾರೆ. ಅದನ್ನ ಯಾಕೆ ಯಾರೂ ಯೋಚನೆ ಮಾಡಲ್ಲ?


ಹಿರಿಯೂರು_ಬೈಪಾಸ್ | ಬುಧವಾರ ರಾತ್ರಿ 8:30

ತಾಯಿ, ನಿಮ್ಮ ಅಪ್ಪನಿಗೆ ನನ್ನ ನಮಸ್ಕಾರ ಹೇಳಮ್ಮ. ಕೊನೆಗೆ ಬರೆದ ಮಾತು ಇವತ್ತಿಡೀ ತಲೇಲಿ ತಿರುಗ್ತಿತ್ತು. ಶಿರಾ ಟೋಲ್ ದಾಟುವಾಗಲೂ ಅದೇ.

ನಾನು ಹುಡುಗನ್ನ ಯಾಕೆ ನನ್ನ ಗಾಡೀಲೇ ಕೂರಿಸ್ಕೊಂಡಿಲ್ಲ ಅಂತ ನೀವೆಲ್ಲ ಕೇಳಬಹುದು. ನಾನೂ ಸಂಬಳಕ್ಕೆ ಓಡಿಸೋನು. ಇನ್ನೊಬ್ಬರನ್ನ ಕೂರಿಸ್ಕೋಬಾರದು ಅಂತ ನಮ್ಮ ಓನರ್ ಕಟ್ಟುನಿಟ್ಟಾಗಿ ಹೇಳಿದಾರೆ, ಕ್ಯಾಬಿನ್‌ನಲ್ಲಿ ಕ್ಯಾಮೆರಾ ಇದೆ. ಒಂದ್ಸಲ ಕೇಳಿದೆ, ಬೇಡ ಅಂದ್ರು.


ಓನರ್_ನಾಲ್ಕು_ಗಾಡಿ | ಬುಧವಾರ ರಾತ್ರಿ 9:45

ಒಂದು ದಾರಿ ಹೇಳ್ತೀನಿ, ನೋಡಿ. ಹುಡುಗ ಮೊದಲೇ 14 ಚಕ್ರ ಕೇಳೋದು ಬೇಡ. ಸಣ್ಣ ಗಾಡೀಲಿ ಶುರು ಮಾಡಲಿ. ಲೋಡೂ ಸೇರಿ ಒಟ್ಟು ತೂಕ 7,500 ಕೆ.ಜಿ.ವರೆಗಿನ ಸರಕು ಗಾಡಿಗೆ ಕಾರಿನ ಲೈಸೆನ್ಸೇ ಸಾಕು ಅಂತ ಸುಪ್ರೀಂ ಕೋರ್ಟು 2024ರ ನವೆಂಬರ್‌ನಲ್ಲಿ ಹೇಳಿದ ಮೇಲೆ ಅಂಥ ಗಾಡಿ ಕೊಡೋಕೆ ಓನರ್‌ಗಳಿಗೆ ಇನ್ಶೂರೆನ್ಸ್ ಭಯ ಕಮ್ಮಿಯಾಗಿದೆ. ಒಂದು ವರ್ಷ ಮಾರ್ಕೆಟ್ ಬಾಡಿಗೆ ಹೊಡೆದ್ರೆ ಗಲ್ಲಿ, ರಿವರ್ಸ್, ಲೋಡಿಂಗ್ ಎಲ್ಲ ಕೈಗೆ ಬರತ್ತೆ.

ಇನ್ನೊಂದು ದಾರೀನೂ ಇದೆ. ನನ್ನ ಗಾಡಿ ಓಡಿಸೋ ಡ್ರೈವರ್ ಒಬ್ಬರು ಹಳಬರು, 52 ವರ್ಷ. ಮೆಕ್ಕೆಜೋಳ ಲೋಡ್, ದಾವಣಗೆರೆಯಿಂದ ನಾಮಕ್ಕಲ್ ಕೋಳಿ ಫೀಡ್ ಮಿಲ್ಲಿಗೆ. ವಾಪಸ್ ಸೇಲಂನಿಂದ ಸಬ್ಬಕ್ಕಿ ಸಿಕ್ಕಿದ್ರೆ ಸಬ್ಬಕ್ಕಿ, ಇಲ್ಲಾಂದ್ರೆ ಸಿಕ್ಕಿದ್ದು. ಅವರ ಜೊತೆ ನಿಮ್ಮ ಹುಡುಗನ್ನ ಮೂರು ತಿಂಗಳು ಕೂರಿಸ್ತೀನಿ. ಸಂಬಳ ಜಾಸ್ತಿ ಕೊಡಕ್ಕಾಗಲ್ಲ, ತಿಂಗಳಿಗೆ 9,000 ಮತ್ತೆ ಊಟದ ಭತ್ತೆ. ಖಾಲಿ ಗಾಡಿ ಮೊದಲು, ಆಮೇಲೆ ಲೋಡು. ಕಲಿಸೋ ಡ್ರೈವರ್‌ಗೆ ಟ್ರಿಪ್ಪಿಗೆ 500 ಮೇಲೆ ಕೊಡ್ತೀನಿ, ಇಲ್ಲಾಂದ್ರೆ ಅವರಿಗೆ ತಾನೇ ಏನು ಉಪಯೋಗ? ಮೂರು ತಿಂಗಳಾದ್ಮೇಲೆ ಅವರು ‘ಆಗಬಹುದು’ ಅಂದ್ರೆ ನಿಂತಿರೋ ಗಾಡಿ ಕೀ ಹುಡುಗನಿಗೆ. ಒರಿಜಿನಲ್ ಲೈಸೆನ್ಸ್ ನನಗೆ ಬೇಡ, ಗಬ್ಬೂರು ಕ್ರಾಸ್ ಅಣ್ಣ ಬರೆದಿದ್ದು ಓದಿದೀನಿ. ನನಗೆ ಮೆಸೇಜ್ ಮಾಡಿ.


ಹೊಸಕೋಟೆ_ಗೋಡೌನ್ | ಬುಧವಾರ ರಾತ್ರಿ 10:10

ಇದನ್ನ ನಾನು ನಮ್ಮ ಮ್ಯಾನೇಜರ್‌ಗೆ ತೋರಿಸ್ತೀನಿ. ನಮ್ಮಲ್ಲಿ ನಿವೃತ್ತಿಗೆ ಹತ್ತಿರ ಇರೋ ಡ್ರೈವರ್‌ಗಳು ಹನ್ನೊಂದು ಜನ ಇದಾರೆ.


ಪಣಂಬೂರು_ಗೇಟ್ | ಗುರುವಾರ ಬೆಳಿಗ್ಗೆ 6:50

ತೊಪ್ಪೂರು ಘಾಟಿಯಲ್ಲಿ ಹುಡುಗನಿಗೆ ನ್ಯೂಟ್ರಲ್ ಹಾಕಲಿಕ್ಕೆ ಬಿಡಬೇಡಿ ಅಂತ ಆ ಹಿರಿಯರಿಗೆ ಹೇಳಿ. ಧರ್ಮಪುರಿ ದಾಟಿ ಸೇಲಂ ಕಡೆ ಇಳಿಯುವ ಜಾಗ ಅದು, ಡೀಸೆಲ್ ಉಳಿಸಲಿಕ್ಕೆ ಹೋಗಿ ಬ್ರೇಕ್ ಸುಟ್ಟುಕೊಂಡವರು ತುಂಬ ಜನ. ಯಾವ ಗೇರಿನಲ್ಲಿ ಹತ್ತುತ್ತದೋ ಅದೇ ಗೇರಿನಲ್ಲಿ ಇಳಿಸಬೇಕು.


ಹಿರಿಯೂರು_ಬೈಪಾಸ್ | ಮೂರು ವಾರದ ನಂತರ, ಶುಕ್ರವಾರ ರಾತ್ರಿ 10:40

ತಡವಾಗಿ ಬರೀತಿದೀನಿ, ನಾನೂ ಲೈನ್‌ನಲ್ಲಿದ್ದೆ.

ಹುಡುಗ ದಾವಣಗೆರೆ ಗಾಡಿ ಹತ್ತಿ ಹದಿನಾರು ದಿನ ಆಯ್ತು. ಅಕ್ಕ ಒಂದು ಕಂಬಳಿ, ಎರಡು ಡಬ್ಬ ಚಟ್ನಿಪುಡಿ ಕಟ್ಟಿ ಕೊಟ್ಟಳು. ನಾಮಕ್ಕಲ್‌ಗೆ ಮೂರು ಟ್ರಿಪ್ ಆಗಿದೆ. ಎರಡನೇ ಟ್ರಿಪ್ಪಿನಲ್ಲಿ ಸೇಲಂನಲ್ಲಿ ವಾಪಸ್ ಲೋಡ್ ಸಿಗದೆ ಎರಡು ದಿನ ಕಾದರಂತೆ. ಅಲ್ಲಿ ಮೈದಾನದಲ್ಲಿ ಖಾಲಿ ಗಾಡಿ ಕೊಟ್ಟು ಬೆಳಿಗ್ಗೆಯಿಂದ ಸಂಜೆವರೆಗೆ ರಿವರ್ಸ್ ಹಾಕಿಸಿದಾರೆ ಆ ಹಿರಿಯರು. ಈ ಸಲ ಬರುವಾಗ ಶಿರಾದಿಂದ ಹಿರಿಯೂರುವರೆಗೆ ಇವನ ಕೈಗೇ ಸ್ಟೇರಿಂಗ್ ಕೊಟ್ಟಿದ್ರು, ಲೋಡ್ ಗಾಡಿ.

ಬೈಪಾಸಲ್ಲಿ ಟೀಗೆ ನಿಲ್ಲಿಸ್ತೀವಿ ಅಂತ ಫೋನ್ ಮಾಡಿದ, ನಾನು ಬೈಕ್ ತಗೊಂಡು ಹೋದೆ. ಕ್ಯಾಬಿನ್ನಲ್ಲಿ ಹಿರಿಯರು ಕೂತಿದ್ರು, ಕೈ ಎತ್ತಿದ್ರು. ಹುಡುಗ ಹಿಂದೆ ಲಿವರ್ ಹಿಡ್ಕೊಂಡು ಟೈರ್ ಬಡೀತಿದ್ದ. ನನ್ನನ್ನ ನೋಡಲಿಲ್ಲ. ಬಲಗಡೆ ಹಿಂದಿನ ಜೋಡಿ ಹತ್ರ ಬಂದು ಒಳಗಿಂದನ್ನ ಬಡಿದ, ನಿಂತ, ತಲೆ ಬಗ್ಗಿಸಿ ಇನ್ನೊಂದ್ಸಲ ಬಡಿದ. ನನಗೂ ಕೇಳಿಸ್ತು, ಧಪ್ ಅಂತ. ‘ಅಣ್ಣ, ಬಲಗಡೆ ಒಳಗಿಂದು’ ಅಂತ ಕೂಗಿದ.

ಪಂಚರ್ ಅಂಗಡಿ ಅಲ್ಲೇ ಎದುರಿಗಿತ್ತು. ಜಾಕಿ ಕೊಡೋಕೆ ನಾನೂ ಕೈ ಹಾಕಿದೆ.